‘ನಾಟ್ ಓನ್ಲಿ’ ಎಲ್ಲಿ ನಿಲ್ಲಬೇಕು? ಇಂಗ್ಲಿಷಿನ ಜೋಡಿ ಪದಗಳ ವ್ಯಾಕರಣ

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಬೆಳೆದವರಿಗೆ ಎರಡು ಮೂರು ಭಾಷೆ ಬರುವುದು ವಿಶೇಷವೇನಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು. ಕೆಲಸಕ್ಕೆ ಅರ್ಜಿ ಹಾಕುವಾಗ ಇದು ದೊಡ್ಡ ಬಂಡವಾಳ, ಬರೆದುಕೊಳ್ಳಲೇಬೇಕು. ಬರೆಯಲು ಕೂತಾಗ ವಾಕ್ಯ ಬಹುಮಟ್ಟಿಗೆ ಹೀಗೆ ಬರುತ್ತದೆ: “ಐ ನಾಟ್ ಓನ್ಲಿ ಸ್ಪೀಕ್ ಕನ್ನಡ ಬಟ್ ಆಲ್ಸೋ ತೆಲುಗು.”

ಓದಿದವರಿಗೆ ಅರ್ಥವಾಗುತ್ತದೆ, ಗೊಂದಲವೇನಿಲ್ಲ. ಆದರೂ ವಾಕ್ಯ ಒಂದು ಕಡೆ ಕುಂಟುತ್ತದೆ. ಬ್ಯಾಂಕ್ ಪರೀಕ್ಷೆಗಳಲ್ಲಿ, ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆಗಳಲ್ಲಿ ‘ತಪ್ಪಿರುವ ಭಾಗ ಗುರುತಿಸಿ’ ಎಂದು ಕೊಡುವ ಪ್ರಶ್ನೆಗಳಲ್ಲಿ ಈ ಜಾತಿಯ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಅಭ್ಯರ್ಥಿಗಳು ಇದಕ್ಕೆಂದು ಉದ್ದುದ್ದ ಪಟ್ಟಿ ಬಾಯಿಪಾಠ ಮಾಡುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಇಲ್ಲಿ ಇರುವುದು ಒಂದೇ ನಿಯಮ. ಆ ನಿಯಮವನ್ನು ಕನ್ನಡ ಮಾತಾಡುವ ನಾವೆಲ್ಲರೂ ದಿನಾ ಪಾಲಿಸುತ್ತಲೇ ಇದ್ದೇವೆ, ದಿಕ್ಕು ಮಾತ್ರ ಬೇರೆ.

ಮೊದಲು ನಿಯಮ. ಇಂಗ್ಲಿಷಿನಲ್ಲಿ ‘ಅಂಡ್’, ‘ಆರ್’, ‘ಬಟ್’ ಒಂಟಿಯಾಗಿ ನಿಂತು ಎರಡು ಮಾತುಗಳನ್ನು ಕೂಡಿಸುತ್ತವೆ. ಇನ್ನು ಕೆಲವು ಜೋಡಿಯಾಗಿಯೇ ಬರುತ್ತವೆ. ‘ಬೋತ್’ ಬಂದರೆ ಮುಂದೆ ‘ಅಂಡ್’ ಬರಬೇಕು, ‘ಈದರ್’ ಬಂದರೆ ‘ಆರ್’, ‘ನೀದರ್’ ಬಂದರೆ ‘ನಾರ್’, ‘ನಾಟ್ ಓನ್ಲಿ’ ಬಂದರೆ ‘ಬಟ್ ಆಲ್ಸೋ’, ‘ವೆದರ್’ ಬಂದರೆ ‘ಆರ್’. ಬರೀ ‘ನಾಟ್’ ಮತ್ತು ‘ಬಟ್’ ಕೂಡ ಒಂದು ಜೋಡಿ. ವ್ಯಾಕರಣದಲ್ಲಿ ಇವುಗಳಿಗೆ ಕೊರಿಲೇಟಿವ್ ಕಂಜಂಕ್ಷನ್ ಎಂದು ಹೆಸರು. ನಾವು ಜೋಡಿ ಪದ ಎನ್ನೋಣ. ಜೋಡಿಯ ಮೊದಲ ಪದದ ಬೆನ್ನಿಗೆ ಯಾವ ಜಾತಿಯ ಮಾತು ಬರುತ್ತದೋ ಎರಡನೆಯ ಪದದ ಬೆನ್ನಿಗೂ ಅದೇ ಜಾತಿಯ ಮಾತು ಬರಬೇಕು. ಅಲ್ಲಿ ನಾಮಪದವಾದರೆ ಇಲ್ಲೂ ನಾಮಪದ, ಅಲ್ಲಿ ಕ್ರಿಯಾಪದವಾದರೆ ಇಲ್ಲೂ ಕ್ರಿಯಾಪದ. ‘ಇನ್’, ‘ಟು’, ‘ಫ್ರಂ’ ಇಂಥ ಪದದಿಂದ ಶುರುವಾದ ತುಂಡಾದರೆ ಇಲ್ಲೂ ಅಂಥದೇ ತುಂಡು. ಪೂರ್ತಿ ವಾಕ್ಯವಾದರೆ ಪೂರ್ತಿ ವಾಕ್ಯ. ಇದೇ ಪ್ಯಾರಲಲ್ ಸ್ಟ್ರಕ್ಚರ್, ಅಂದರೆ ಸಮಾನ ರಚನೆ.

ಅರ್ಜಿಯ ವಾಕ್ಯಕ್ಕೆ ಇದನ್ನು ಹಚ್ಚಿ ನೋಡಿ. ‘ನಾಟ್ ಓನ್ಲಿ’ ಆದ ಮೇಲೆ ಬಂದದ್ದು ‘ಸ್ಪೀಕ್ ಕನ್ನಡ’, ಕ್ರಿಯಾಪದದಿಂದ ಶುರುವಾದ ತುಂಡು. ‘ಬಟ್ ಆಲ್ಸೋ’ ಆದ ಮೇಲೆ ಬಂದದ್ದು ಬರೀ ‘ತೆಲುಗು’, ನಾಮಪದ. ಒಂದು ಕಡೆ ಕೆಲಸ, ಇನ್ನೊಂದು ಕಡೆ ಹೆಸರು. ಸರಿಪಡಿಸಲು ‘ನಾಟ್ ಓನ್ಲಿ’ಯನ್ನು ಒಂದೇ ಒಂದು ಪದದಷ್ಟು ಮುಂದೆ ಸರಿಸಿದರೆ ಸಾಕು: “ಐ ಸ್ಪೀಕ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತೆಲುಗು.” ಈಗ ಎರಡೂ ಕಡೆ ಭಾಷೆಯ ಹೆಸರು. ಅಥವಾ ‘ನಾಟ್ ಓನ್ಲಿ’ಯನ್ನು ಇದ್ದಲ್ಲೇ ಬಿಟ್ಟು ಎರಡನೆಯ ಕಡೆಗೂ ಒಂದು ಕ್ರಿಯಾಪದ ಕೊಡಬಹುದು: “ಐ ನಾಟ್ ಓನ್ಲಿ ಸ್ಪೀಕ್ ಕನ್ನಡ ಬಟ್ ಆಲ್ಸೋ ರೈಟ್ ತೆಲುಗು.” ಇದೂ ಸರಿ, ಆದರೆ ಹೇಳುವ ವಿಷಯವೇ ಬದಲಾಯಿತು. ತೆಲುಗು ಬರೆಯಲು ಬರುವವರು ಮಾತ್ರ ಹೀಗೆ ಬರೆಯಬೇಕು.

ಕನ್ನಡದಲ್ಲಿ ಈ ತಪ್ಪು ಯಾಕೆ ಆಗುವುದಿಲ್ಲ?

‘ಬಳ್ಳಾರಿಗೂ ರಾಯಚೂರಿಗೂ ಹೋಗಿ ಬಂದೆ’ ಎನ್ನುತ್ತೇವೆ. ‘ಬಳ್ಳಾರಿಗೂ ರಾಯಚೂರೂ ಹೋಗಿ ಬಂದೆ’ ಎಂದು ಆಗತಾನೇ ಮಾತು ಕಲಿತ ಕೂಸೂ ಅನ್ನುವುದಿಲ್ಲ. ‘ಬಸ್ಸಿಗೆ ಹೋಗ್ತಿಯೋ ರೈಲಿಗೆ ಹೋಗ್ತಿಯೋ’, ‘ಅಣ್ಣನಾಗಲಿ ತಮ್ಮನಾಗಲಿ ಬಂದರೆ ಸಾಕು’, ‘ಉಣ್ಣಂಗೂ ಇಲ್ಲ, ಬಿಡಂಗೂ ಇಲ್ಲ’. ಇವುಗಳಲ್ಲಿ ಎರಡೂ ಬದಿಯ ಆಕಾರ ಒಂದೇ. ಮೊದಲ ಬದಿಯಲ್ಲಿ ‘-ಗೆ’ ಇದ್ದರೆ ಎರಡನೆಯದರಲ್ಲೂ ‘-ಗೆ’, ಮೊದಲನೆಯದರಲ್ಲಿ ಕ್ರಿಯಾಪದ ಇದ್ದರೆ ಎರಡನೆಯದರಲ್ಲೂ ಕ್ರಿಯಾಪದ. ನಮ್ಮ ಗಾದೆಗಳಂತೂ ಈ ಸಮಾನ ರಚನೆಯ ಮೇಲೇ ನಿಂತಿವೆ: ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’. ಒಂದೊಂದು ಪದಕ್ಕೂ ಎದುರಿನಲ್ಲಿ ಒಂದೊಂದು ಪದ. ಹಾಗಾಗಿ ‘ಪ್ಯಾರಲಲ್ ಸ್ಟ್ರಕ್ಚರ್ ನಮಗೆ ಹೊಸದು, ಕಷ್ಟ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಕನ್ನಡದಲ್ಲಿ ತಪ್ಪದೆ ಇರುವುದಕ್ಕೆ ಎರಡು ಕಾರಣಗಳಿವೆ. ಒಂದು, ನಮ್ಮ ಜೋಡಿ ಗುರುತುಗಳಾದ ‘ಊ’, ‘ಓ’, ‘ಆಗಲಿ’ ಪದದ ಹಿಂದೆ ಅಂಟಿಕೊಳ್ಳುತ್ತವೆ. ಅಂಟಿದ್ದು ಜಾರುವುದಿಲ್ಲ. ಯಾವ ಎರಡು ಮಾತುಗಳನ್ನು ಜೋಡಿಸುತ್ತಿದ್ದೇವೋ ಅವುಗಳ ಮೈಮೇಲೇ ಗುರುತು ಇರುತ್ತದೆ. ಇಂಗ್ಲಿಷಿನ ‘ಬೋತ್’, ‘ಈದರ್’, ‘ನಾಟ್ ಓನ್ಲಿ’ ಬಿಡಿ ಪದಗಳು, ಮುಂದೆ ನಿಲ್ಲುತ್ತವೆ, ಒಂದು ಹೆಜ್ಜೆ ಹಿಂದೆಯೋ ಮುಂದೆಯೋ ಸರಿದು ಬಿಡಬಹುದು.

ಎರಡನೆಯ ಕಾರಣ ಕ್ರಿಯಾಪದದ ಜಾಗ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ‘ಕನ್ನಡ ಮಾತ್ರ ಅಲ್ಲ, ತೆಲುಗೂ ಮಾತಾಡ್ತೀನಿ.’ ಇಲ್ಲಿ ಎರಡು ಭಾಷೆಗೂ ಸಮನಾಗಿ ಸೇರಿದ ಮಾತು ‘ಮಾತಾಡ್ತೀನಿ’. ಅದು ಜೋಡಿ ಮುಗಿದ ಮೇಲೆ ಬಂತು. ಇಂಗ್ಲಿಷಿನಲ್ಲಿ ಅದೇ ಮಾತು, ‘ಐ ಸ್ಪೀಕ್’, ಜೋಡಿ ಶುರುವಾಗುವ ಮೊದಲೇ ಬರಬೇಕು. ನಾವು ಜೋಡಿಯಿಂದ ಶುರುಮಾಡಿ ಕ್ರಿಯಾಪದಕ್ಕೆ ಹೋಗುವ ರೂಢಿಯವರು. ಹಾಗಾಗಿ ‘ಐ’ ಎಂದ ಕೂಡಲೇ ‘ನಾಟ್ ಓನ್ಲಿ’ ನಾಲಿಗೆಗೆ ಬಂದು ಬಿಡುತ್ತದೆ, ‘ಸ್ಪೀಕ್’ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಶಾಲೆಯಲ್ಲಿ ಕಲಿತ ಇನ್ನೊಂದು ಅಭ್ಯಾಸವೂ ಇದಕ್ಕೆ ಕೂಡಿಕೊಳ್ಳುತ್ತದೆ. ‘ಐ ಡೂ ನಾಟ್ ಸ್ಪೀಕ್’ ಎಂದು ‘ನಾಟ್’ ಅನ್ನು ಕ್ರಿಯಾಪದದ ಮುಂದೆಯೇ ಇಡಲು ಕಲಿತಿದ್ದೇವೆ. ‘ನಾಟ್ ಓನ್ಲಿ’ಯಲ್ಲೂ ‘ನಾಟ್’ ಇದೆಯಲ್ಲ, ಅದೂ ಅಲ್ಲೇ ಹೋಗಿ ಕೂರುತ್ತದೆ.

ಇದು ತಿಳಿದರೆ ಒಂದು ಉಪಾಯ ತಾನಾಗಿ ಸಿಗುತ್ತದೆ. ಬರೆಯುವ ಮುಂಚೆ ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ‘ಊ’, ‘ಓ’ ಅಥವಾ ‘ಮಾತ್ರ ಅಲ್ಲ’ ಯಾವ ಪದಕ್ಕೆ ಅಂಟಿತು ನೋಡಿ. ಇಂಗ್ಲಿಷಿನಲ್ಲಿ ಜೋಡಿ ಪದ ಅದೇ ಪದದ ಮುಂದೆ ನಿಲ್ಲಬೇಕು. ‘ಕನ್ನಡ ಮಾತ್ರ ಅಲ್ಲ’ ಎಂದರೆ ‘ನಾಟ್ ಓನ್ಲಿ ಕನ್ನಡ’. ‘ಕನ್ನಡ ಮಾತಾಡೋದಷ್ಟೇ ಅಲ್ಲ, ಬರೀತೀನಿ ಕೂಡ’ ಎಂದರೆ ಗುರುತು ಅಂಟಿದ್ದು ಮಾತಾಡುವುದಕ್ಕೆ. ಆಗ ‘ನಾಟ್ ಓನ್ಲಿ ಸ್ಪೀಕ್ ಬಟ್ ಆಲ್ಸೋ ರೈಟ್’. ಕನ್ನಡದಲ್ಲಿ ಹಿಂದೆ ಇದ್ದದ್ದು ಇಂಗ್ಲಿಷಿನಲ್ಲಿ ಮುಂದೆ ಹೋಗುತ್ತದೆ, ಅಷ್ಟೇ.

ವಾಕ್ಯ ಎಲ್ಲಿ ಕವಲೊಡೆಯುತ್ತದೆ?

ಜೋಡಿ ಪದವಿರುವ ವಾಕ್ಯವನ್ನು ನಾನು ಸಿಂಧನೂರಿನ ರಸ್ತೆಯ ಹಾಗೆ ಕಲ್ಪಿಸಿಕೊಳ್ಳುತ್ತೇನೆ. ಸಿಂಧನೂರಿನ ತನಕ ಎಲ್ಲರದೂ ಒಂದೇ ದಾರಿ. ಅಲ್ಲಿಂದ ಒಂದು ರಸ್ತೆ ರಾಯಚೂರಿಗೆ ಹೋದರೆ ಇನ್ನೊಂದು ಮಸ್ಕಿ ಕಡೆ ಹೋಗುತ್ತದೆ. ಯಾವ ಊರು ಎತ್ತ ಎಂಬ ಬೋರ್ಡು ಕವಲಿನ ಬಾಯಲ್ಲೇ ಇರಬೇಕು. ವಾಕ್ಯದಲ್ಲೂ ಎರಡು ಬದಿಗೂ ಸಮನಾದ ಮಾತೆಲ್ಲ ಮುಗಿದ ಜಾಗದಲ್ಲಿ ಕವಲು; ‘ಈದರ್’, ‘ಬೋತ್’, ‘ನಾಟ್ ಓನ್ಲಿ’ ಅಲ್ಲಿ ನಿಲ್ಲಬೇಕು.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಕವಲಿನ ತನಕದ ಮಾತನ್ನು ತೆಗೆದುಕೊಂಡು ಒಂದೊಂದೇ ಕವಲನ್ನು ಅದಕ್ಕೆ ಸೇರಿಸಿ ಓದಿ. “ಐ ಸ್ಪೀಕ್ ನಾಟ್ ಓನ್ಲಿ ಕನ್ನಡ ಬಟ್ ಆಲ್ಸೋ ತೆಲುಗು” ಎಂಬಲ್ಲಿ ಕವಲಿನ ತನಕ ‘ಐ ಸ್ಪೀಕ್’. ‘ಐ ಸ್ಪೀಕ್ ಕನ್ನಡ’, ಸರಿ. ‘ಐ ಸ್ಪೀಕ್ ತೆಲುಗು’, ಸರಿ. ಮೊದಲಿನ ತಪ್ಪು ವಾಕ್ಯದಲ್ಲಿ ಕವಲಿನ ತನಕ ಇದ್ದದ್ದು ಬರೀ ‘ಐ’. ‘ಐ ಸ್ಪೀಕ್ ಕನ್ನಡ’, ಸರಿ. ‘ಐ ತೆಲುಗು’, ಮುರಿಯಿತು. ಎಷ್ಟೇ ಉದ್ದದ ವಾಕ್ಯ ಕೊಟ್ಟರೂ ಈ ಓದು ಕೈಬಿಡುವುದಿಲ್ಲ.

ಕವಲು ವಾಕ್ಯದ ಯಾವ ಜಾಗದಲ್ಲಾದರೂ ಇರಬಹುದು. ಬರುವವರು ಯಾರು ಎಂಬುದರಲ್ಲಿ ಆಯ್ಕೆ ಇದ್ದರೆ ಮೊದಲಲ್ಲೇ ಕವಲು: “ಈದರ್ ಯು ಆರ್ ಯುವರ್ ಬ್ರದರ್ ಮಸ್ಟ್ ಕಮ್.” ಮಾಡುವ ಕೆಲಸದಲ್ಲಿ ಆಯ್ಕೆ ಇದ್ದರೆ ನಡುವೆ: “ಯು ಮಸ್ಟ್ ಈದರ್ ಕಮ್ ಆರ್ ಕಾಲ್.” ಬರುವ ಬಗೆಯಲ್ಲಿ ಆಯ್ಕೆ ಇದ್ದರೆ ಕೊನೆಗೆ: “ಯು ಮಸ್ಟ್ ಕಮ್ ಈದರ್ ಬೈ ಬಸ್ ಆರ್ ಬೈ ಟ್ರೇನ್.” ಮೂರರಲ್ಲೂ ಇರುವುದು ಅದೇ ‘ಈದರ್’, ಆದರೆ ಅದು ಎಲ್ಲಿ ನಿಂತಿದೆ ಎಂಬುದನ್ನು ನೋಡಿಯೇ ಓದುವವರಿಗೆ ಆಯ್ಕೆ ಯಾವುದರಲ್ಲಿ ಎಂದು ತಿಳಿಯುತ್ತದೆ. ಜಾಗ ತಪ್ಪಿದರೆ ಓದುವವರು ತಪ್ಪು ರಸ್ತೆ ಹಿಡಿದು, ಸ್ವಲ್ಪ ದೂರ ಹೋಗಿ, ಮತ್ತೆ ಹಿಂದಕ್ಕೆ ಬರಬೇಕಾಗುತ್ತದೆ. ಸಮಾನ ರಚನೆ ಬರೀ ಚಂದಕ್ಕೆ ಎನ್ನುವವರಿಗೆ ನಾನು ತೋರಿಸುವುದು ಈ ಮೂರು ವಾಕ್ಯಗಳನ್ನು.

‘ಇನ್’, ‘ಟು’, ‘ಫ್ರಂ’ ಬಂದಾಗ

ಅತಿ ಹೆಚ್ಚು ತಪ್ಪು ಆಗುವ ಜಾಗ ಇದು. ನಮ್ಮ ಮೂರು ಜಿಲ್ಲೆಗಳಿಗೂ ಸೇರಿದ ಒಂದು ಸಂಗತಿಯನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅಶೋಕನ ಶಾಸನಗಳು ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿವೆ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿವೆ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಇವೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೊರಟವರು ಹೀಗೆ ಬರೆಯುವುದುಂಟು: “ಅಶೋಕನ್ ಈಡಿಕ್ಟ್ಸ್ ಆರ್ ಫೌಂಡ್ ಬೋತ್ ಇನ್ ಕೊಪ್ಪಳ್ ಅಂಡ್ ಬಳ್ಳಾರಿ.” ‘ಬೋತ್’ ಆದ ಮೇಲೆ ‘ಇನ್ ಕೊಪ್ಪಳ್’, ‘ಅಂಡ್’ ಆದ ಮೇಲೆ ಬರೀ ‘ಬಳ್ಳಾರಿ’. ಕವಲಿನ ತನಕದ ಮಾತು ‘ಆರ್ ಫೌಂಡ್’. ಎರಡನೆಯ ಕವಲನ್ನು ಸೇರಿಸಿದರೆ ‘ಆರ್ ಫೌಂಡ್ ಬಳ್ಳಾರಿ’ ಎಂದಾಗುತ್ತದೆ, ನಿಲ್ಲುವುದಿಲ್ಲ.

ಸರಿಪಡಿಸಲು ಎರಡು ದಾರಿ. “ಬೋತ್ ಇನ್ ಕೊಪ್ಪಳ್ ಅಂಡ್ ಇನ್ ಬಳ್ಳಾರಿ” ಎಂದು ‘ಇನ್’ ಅನ್ನು ಎರಡು ಬದಿಗೂ ಕೊಡಬಹುದು. ಇಲ್ಲವೇ “ಇನ್ ಬೋತ್ ಕೊಪ್ಪಳ್ ಅಂಡ್ ಬಳ್ಳಾರಿ” ಎಂದು ‘ಇನ್’ ಅನ್ನು ಕವಲಿಗಿಂತ ಮೊದಲೇ ಇಟ್ಟು ಇಬ್ಬರಿಗೂ ಹಂಚಬಹುದು. ಈ ಎರಡು ದಾರಿಗೂ ಕನ್ನಡದಲ್ಲಿ ಸರಿಯಾದ ಜೊತೆ ಇದೆ. ಮೊದಲನೆಯದು ‘ಕೊಪ್ಪಳದಲ್ಲೂ ಬಳ್ಳಾರಿಯಲ್ಲೂ’, ಎರಡನೆಯದು ‘ಕೊಪ್ಪಳ, ಬಳ್ಳಾರಿ ಎರಡರಲ್ಲೂ’. ‘ಬಳ್ಳಾರಿಯಲ್ಲೂ’ ಎಂಬುದನ್ನು ಬಿಡಿಸಿ ನೋಡಿ: ಊರಿನ ಹೆಸರು, ಅದರ ಹಿಂದೆ ‘ಅಲ್ಲಿ’, ಎಲ್ಲಕ್ಕೂ ಹೊರಗೆ ‘ಊ’. ಇಂಗ್ಲಿಷಿನ ‘ಬೋತ್ ಇನ್ ಬಳ್ಳಾರಿ’ ಇದೇ ಸಾಲನ್ನು ಕನ್ನಡಿಯಲ್ಲಿ ತಿರುಗಿಸಿದ ಹಾಗಿದೆ: ಎಲ್ಲಕ್ಕೂ ಹೊರಗೆ ‘ಬೋತ್’, ಆಮೇಲೆ ‘ಇನ್’, ಆಮೇಲೆ ಊರು. ಇದನ್ನು ಒಮ್ಮೆ ಕಂಡುಕೊಂಡವರು ‘ಬೋತ್ ಇನ್’ ಎನ್ನಬೇಕೋ ‘ಇನ್ ಬೋತ್’ ಎನ್ನಬೇಕೋ ಎಂದು ಅಂದಾಜಿನ ಮೇಲೆ ಆಯುವ ಪ್ರಮೇಯವೇ ಬರುವುದಿಲ್ಲ.

ತುಂಗಭದ್ರಾ ಜಲಾಶಯದ ನೀರಿನ ಬಗ್ಗೆ ಬರೆದರೂ ಇದೇ ಕಥೆ. ಎಡದಂಡೆ ಕಾಲುವೆ ಕೊಪ್ಪಳ, ರಾಯಚೂರು ಜಿಲ್ಲೆಗಳ ಗದ್ದೆಗೆ ನೀರು ಕೊಡುತ್ತದೆ. “ದ ಕೆನಾಲ್ ನಾಟ್ ಓನ್ಲಿ ಕ್ಯಾರೀಸ್ ವಾಟರ್ ಟು ಕೊಪ್ಪಳ್ ಬಟ್ ಆಲ್ಸೋ ಟು ರಾಯಚೂರ್” ಎಂದರೆ ಕ್ರಿಯಾಪದದ ಎದುರಿಗೆ ‘ಟು’ ನಿಂತಿತು. ನೀರು ಒಯ್ಯುವುದು ಎರಡಕ್ಕೂ ಸಮಾನ, ಬೇರೆಯಾಗುವುದು ಊರು ಮಾತ್ರ. ಆದ್ದರಿಂದ “ದ ಕೆನಾಲ್ ಕ್ಯಾರೀಸ್ ವಾಟರ್ ನಾಟ್ ಓನ್ಲಿ ಟು ಕೊಪ್ಪಳ್ ಬಟ್ ಆಲ್ಸೋ ಟು ರಾಯಚೂರ್.”

ಜಾತಿ ಒಂದೇ ಇರಬೇಕು ಎಂದರೆ ಉದ್ದವೂ ಒಂದೇ ಇರಬೇಕು ಎಂದಲ್ಲ. “ನಾಟ್ ಓನ್ಲಿ ಇನ್ ರಾಯಚೂರ್ ಬಟ್ ಆಲ್ಸೋ ಇನ್ ದ ಸ್ಮಾಲ್ ವಿಲೇಜಸ್ ಅಲಾಂಗ್ ದ ಕೆನಾಲ್” ಎಂಬಲ್ಲಿ ಒಂದು ಬದಿ ಗಿಡ್ಡ, ಇನ್ನೊಂದು ಬದಿ ಉದ್ದ. ಎರಡೂ ‘ಇನ್’ನಿಂದ ಶುರುವಾದ್ದರಿಂದ ವಾಕ್ಯ ಸರಿಯಾಗಿದೆ. ಉದ್ದದ ಬದಿಯನ್ನು ಎರಡನೆಯದಾಗಿ ಇಡುವುದು ಕಿವಿಗೆ ಹಿತ.

ಕವಲುಗಳು ಮತ್ತೆ ಕೂಡುವ ಜಾಗ

ವ್ಯಾಕರಣ ಸರಿಯಿದ್ದೂ ಅರ್ಥ ಎಡವುವ ಒಂದು ಸಂದರ್ಭವಿದೆ. ಪರೀಕ್ಷೆಯ ತಯಾರಿಯಲ್ಲಿ ಇದನ್ನು ಯಾರೂ ಹೇಳಿಕೊಡುವುದು ಕಾಣೆ. “ಫಾರ್ಮರ್ಸ್ ವಿಲ್ ಗೆಟ್ ಈದರ್ ಸೀಡ್ಸ್ ಆರ್ ಫರ್ಟಿಲೈಸರ್ ಅಟ್ ಹಾಫ್ ಪ್ರೈಸ್.” ಎರಡೂ ಬದಿ ನಾಮಪದ, ಸಮಾನ ರಚನೆಗೆ ಭಂಗವಿಲ್ಲ. ಆದರೆ ಅರ್ಧ ಬೆಲೆ ಯಾವುದಕ್ಕೆ? ಬೀಜ, ಗೊಬ್ಬರ ಎರಡಕ್ಕೂ ಅರ್ಧ ಬೆಲೆಯೇ? ಅಥವಾ ಬೀಜ ಪುಕ್ಕಟೆ, ಗೊಬ್ಬರಕ್ಕೆ ಮಾತ್ರ ಅರ್ಧ ಬೆಲೆಯೇ? ಕವಲು ಎಲ್ಲಿ ಶುರುವಾಯಿತು ಎಂಬುದನ್ನು ‘ಈದರ್’ ತೋರಿಸಿತು. ಎಲ್ಲಿ ಮುಗಿದು ದಾರಿ ಮತ್ತೆ ಒಂದಾಯಿತು ಎಂಬುದನ್ನು ತೋರಿಸುವ ಪದ ಇಂಗ್ಲಿಷಿನಲ್ಲಿಲ್ಲ.

ಇಬ್ಬರಿಗೂ ಸೇರಿದ ಮಾತನ್ನು ಕವಲಿನ ಮುಂದಕ್ಕೆ ತರುವುದೇ ಇದಕ್ಕೆ ಪರಿಹಾರ: “ಫಾರ್ಮರ್ಸ್ ವಿಲ್ ಗೆಟ್, ಅಟ್ ಹಾಫ್ ಪ್ರೈಸ್, ಈದರ್ ಸೀಡ್ಸ್ ಆರ್ ಫರ್ಟಿಲೈಸರ್.” ಬೀಜ ಪುಕ್ಕಟೆ ಎಂಬ ಅರ್ಥ ಬೇಕಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು: “ಈದರ್ ಫ್ರೀ ಸೀಡ್ಸ್ ಆರ್ ಫರ್ಟಿಲೈಸರ್ ಅಟ್ ಹಾಫ್ ಪ್ರೈಸ್.” ಸಂಘದ ನೋಟಿಸು, ಬಾಡಿಗೆ ಕರಾರು, ಖರೀದಿ ಒಪ್ಪಂದ ಇಂಥವನ್ನು ಇಂಗ್ಲಿಷಿನಲ್ಲಿ ಬರೆಯುವವರು ಸಹಿ ಹಾಕುವ ಮುಂಚೆ ಪ್ರತಿಯೊಂದು ‘ಈದರ್’ ಮತ್ತು ‘ಆರ್’ ಆದ ಮೇಲೆ ವಾಕ್ಯದ ಬಾಲ ಯಾರಿಗೆ ಸೇರಿದ್ದು ಎಂದು ಕೇಳಿಕೊಳ್ಳಬೇಕು. ದುಡ್ಡಿನ ಜಗಳ ಹುಟ್ಟುವುದು ಇಂಥ ಬಾಲಗಳಲ್ಲೇ.

‘ನಾಟ್’ ಮತ್ತು ‘ಬಟ್’: ನನಗೆ ಬಹಳ ಇಷ್ಟದ ಜೋಡಿ

ಮಸ್ಕಿಯ ಶಾಸನ 1915ರಲ್ಲಿ ಬೆಳಕಿಗೆ ಬಂತು. ಅದು ದೊಡ್ಡ ಶಾಸನವಲ್ಲ. ಬೇರೆ ಹೆಚ್ಚಿನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಕೆತ್ತಿತ್ತು. ಆ ಬಿರುದುಗಳ ರಾಜನೇ ಅಶೋಕ ಎಂಬುದಕ್ಕೆ ಕಲ್ಲಿನ ಸಾಕ್ಷಿ ಸಿಕ್ಕಿತು. ಇದನ್ನು ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಬೇಕಾದರೆ ‘ನಾಟ್’ ಮತ್ತು ‘ಬಟ್’ ಜೋಡಿಯಷ್ಟು ಚೆನ್ನಾಗಿ ಇನ್ನಾವುದೂ ಒದಗುವುದಿಲ್ಲ: “ದ ಮಸ್ಕಿ ಈಡಿಕ್ಟ್ ಮ್ಯಾಟರ್ಸ್ ನಾಟ್ ಬಿಕಾಸ್ ಇಟ್ ಈಸ್ ಲಾಂಗ್ ಬಟ್ ಬಿಕಾಸ್ ಇಟ್ ನೇಮ್ಸ್ ಅಶೋಕ.” ಎರಡೂ ಬದಿ ‘ಬಿಕಾಸ್ ಇಟ್’ ಎಂದು ಶುರುವಾಗುತ್ತದೆ. ಒಂದು ಕಾರಣವನ್ನು ತೆಗೆದು ಅದೇ ಜಾಗದಲ್ಲಿ ಇನ್ನೊಂದನ್ನು ಇಟ್ಟದ್ದು ಕಣ್ಣಿಗೇ ಕಾಣುತ್ತದೆ.

ಈಗ ಜಾಗ ಸರಿಸಿ ನೋಡಿ: “ದ ಮಸ್ಕಿ ಈಡಿಕ್ಟ್ ಡಸ್ ನಾಟ್ ಮ್ಯಾಟರ್ ಬಿಕಾಸ್ ಇಟ್ ಈಸ್ ಲಾಂಗ್ ಬಟ್ ಬಿಕಾಸ್ ಇಟ್ ನೇಮ್ಸ್ ಅಶೋಕ.” ಅರ್ಧ ಓದುವಾಗ ಏನನ್ನಿಸುತ್ತದೆ? ‘ಈ ಶಾಸನಕ್ಕೆ ಮಹತ್ವವಿಲ್ಲ, ಯಾಕೆಂದರೆ ಉದ್ದವಾಗಿದೆ’! ಹೇಳಬೇಕಾದುದರ ಪೂರಾ ಉಲ್ಟಾ. ವಾಕ್ಯ ಮುಗಿಯುವ ಹೊತ್ತಿಗೆ ಓದುಗರು ಸುಧಾರಿಸಿಕೊಳ್ಳುತ್ತಾರೆ ನಿಜ, ಆದರೆ ಆ ನಡುವಿನ ಗಳಿಗೆಯ ಗೊಂದಲಕ್ಕೆ ‘ನಾಟ್’ ಅನ್ನು ಕ್ರಿಯಾಪದದ ಪಕ್ಕ ಎಳೆದು ಕೂರಿಸಿದ್ದೇ ಕಾರಣ. ಕನ್ನಡದಲ್ಲಿ ‘ಉದ್ದ ಇದೆ ಅಂತಲ್ಲ, ಅಶೋಕನ ಹೆಸರು ಇದೆ ಅಂತ’ ಎನ್ನುತ್ತೇವೆ. ಇಲ್ಲೂ ‘ಅಲ್ಲ’ ಅಂಟಿದ್ದು ಕಾರಣಕ್ಕೆ, ಮಹತ್ವಕ್ಕಲ್ಲ.

ಇದಕ್ಕೆ ಹತ್ತಿರದ ಇನ್ನೊಂದು ಜೋಡಿಯನ್ನು ಬೋರ್ಡುಗಳಲ್ಲಿ ದಿನಾ ನೋಡುತ್ತೇವೆ. ‘ಬಿಟ್ವೀನ್ 10 ಟು 5’. ‘ಬಿಟ್ವೀನ್’ ಬಂದರೆ ಜೊತೆಗೆ ‘ಅಂಡ್’ ಬರಬೇಕು, ‘ಫ್ರಂ’ ಬಂದರೆ ‘ಟು’. ‘ಬಿಟ್ವೀನ್ 10 ಅಂಡ್ 5’ ಅಥವಾ ‘ಫ್ರಂ 10 ಟು 5’. ರಾಯಚೂರು ಜಿಲ್ಲೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಇದೆ ಎನ್ನುವಾಗ ಯಾರೂ ‘ಬಿಟ್ವೀನ್ ಕೃಷ್ಣಾ ಟು ತುಂಗಭದ್ರಾ’ ಎನ್ನುವುದಿಲ್ಲ. ಗಂಟೆಯ ಲೆಕ್ಕ ಬಂದಾಗ ಮಾತ್ರ ಈ ತಪ್ಪು ನುಸುಳುತ್ತದೆ.

ಮಿಕ್ಕ ತೊಡಕುಗಳು

ಒಂದು ಜೋಡಿಯ ಅರ್ಧವನ್ನು ಇನ್ನೊಂದಕ್ಕೆ ಕಟ್ಟಬಾರದು. ‘ನೀದರ್’ಗೆ ‘ಆರ್’ ಅಲ್ಲ, ‘ನಾರ್’. ‘ಬೋತ್’ಗೆ ‘ಆಸ್ ವೆಲ್ ಆಸ್’ ಅಲ್ಲ, ‘ಅಂಡ್’. ‘ದೋ’ ಬಂದ ವಾಕ್ಯದಲ್ಲಿ ‘ಬಟ್’ ಹಾಕಬಾರದು. ‘ಯೆಟ್’ ಹಾಕಬಹುದು, ಏನೂ ಹಾಕದಿದ್ದರೂ ನಡೆಯುತ್ತದೆ. ‘ನೀದರ್’ನಲ್ಲಿ ನಿಷೇಧ ಆಗಲೇ ಇದೆ, ಇನ್ನೊಂದು ‘ನಾಟ್’ ಬೇಡ. ವಾಕ್ಯದಲ್ಲಿ ‘ನಾಟ್’ ಇದ್ದೇ ಇದ್ದರೆ ‘ಈದರ್’ ಮತ್ತು ‘ಆರ್’ ಬಳಸಿ. ‘ಬೋತ್’ ಎರಡಕ್ಕೆ ಮಾತ್ರ, ಮೂರನೆಯದು ಸೇರಿದರೆ ‘ಬೋತ್’ ತೆಗೆದು ಬಿಡಿ. ‘ಬಟ್ ಆಲ್ಸೋ’ದಲ್ಲಿನ ‘ಆಲ್ಸೋ’ ಬಿಟ್ಟರೆ ಕೆಲವು ಪರೀಕ್ಷೆಗಳಲ್ಲಿ ತಪ್ಪು ಎಂದು ಎಣಿಸುತ್ತಾರೆ. ಒಳ್ಳೆಯ ಇಂಗ್ಲಿಷ್ ಬರಹಗಾರರು ಅದನ್ನು ಬಿಡುವುದುಂಟು. ಪರೀಕ್ಷೆಯಲ್ಲಿ ಹಾಕುವುದು ಕ್ಷೇಮ.

ಕ್ರಿಯಾಪದ ಏಕವಚನವೋ ಬಹುವಚನವೋ ಎಂಬುದನ್ನು ‘ಈದರ್’, ‘ನೀದರ್’, ‘ನಾಟ್ ಓನ್ಲಿ’ ಜೋಡಿಗಳಲ್ಲಿ ಹತ್ತಿರದ ಕರ್ತೃ ನಿರ್ಧರಿಸುತ್ತದೆ. “ನೀದರ್ ದ ಡ್ರೈವರ್ ನಾರ್ ದ ಪ್ಯಾಸೆಂಜರ್ಸ್ ವರ್ ಹರ್ಟ್.” ಪ್ರಯಾಣಿಕರು ಹತ್ತಿರ ಇದ್ದಾರೆ, ಬಹುವಚನ, ಹಾಗಾಗಿ ‘ವರ್’. ತಿರುಗಿಸಿ ಬರೆದರೆ ‘ವಾಸ್’ ಬರಬೇಕು, ಆದರೆ ಕಿವಿಗೆ ಹೊಂದುವುದಿಲ್ಲ. ಬಹುವಚನದ್ದನ್ನು ಎರಡನೆಯದಾಗಿ ಇಡುವ ರೂಢಿ ಮಾಡಿಕೊಂಡರೆ ಈ ಪೇಚು ಇರುವುದಿಲ್ಲ. ‘ಬೋತ್’ ಮತ್ತು ‘ಅಂಡ್’ ಕೂಡಿಸುವ ಜೋಡಿ, ಯಾವಾಗಲೂ ಬಹುವಚನ.

‘ನಾಟ್ ಓನ್ಲಿ’ ವಾಕ್ಯದ ಮೊಟ್ಟಮೊದಲಿಗೆ ಬಂದು ಪೂರ್ತಿ ವಾಕ್ಯವನ್ನು ಹಿಡಿದಾಗ ಅದರ ಹಿಂದಿನ ಪದಕ್ರಮ ಪ್ರಶ್ನೆಯ ಹಾಗೆ ತಿರುಗುತ್ತದೆ: “ನಾಟ್ ಓನ್ಲಿ ಡಿಡ್ ದ ರೇನ್ ಫೇಲ್, ಬಟ್ ದ ಕೆನಾಲ್ ಆಲ್ಸೋ ರ‍್ಯಾನ್ ಡ್ರೈ.” ಮಳೆಯೂ ಕೈಕೊಟ್ಟಿತು, ಕಾಲುವೆಯೂ ಬತ್ತಿತು. ಇಲ್ಲಿ ‘ಬಟ್’ ಮತ್ತು ‘ಆಲ್ಸೋ’ ನಡುವೆ ಕರ್ತೃ ಬಂದು ಕೂತಿದೆ, ಅದು ಸರಿಯೇ. ಎರಡೂ ಬದಿ ಪೂರ್ತಿ ವಾಕ್ಯಗಳು ಎಂಬುದನ್ನು ಗಮನಿಸಿ. ‘ನೋ ಸೂನರ್’ ಬಂದಾಗಲೂ ಪದಕ್ರಮ ಹೀಗೇ ತಿರುಗುತ್ತದೆ, ಆದರೆ ಅದರ ಜೊತೆಗಾರ ‘ವೆನ್’ ಅಲ್ಲ, ‘ದ್ಯಾನ್’. ‘ಸೂನರ್’ ಹೋಲಿಕೆಯ ರೂಪ. ‘ಬಿಗ್ಗರ್ ದ್ಯಾನ್’, ‘ಟಾಲರ್ ದ್ಯಾನ್’ ಎನ್ನುವ ಹಾಗೇ ‘ಸೂನರ್ ದ್ಯಾನ್’. ‘ಹಾರ್ಡ್ಲಿ’, ‘ಸ್ಕೇರ್ಸ್ಲಿ’ ಹೋಲಿಕೆಯ ರೂಪಗಳಲ್ಲ, ಅದಕ್ಕೇ ಅವುಗಳಿಗೆ ‘ವೆನ್’. ಕಾರಣ ತಿಳಿದ ಮೇಲೆ ಇದು ಮರೆಯುವ ಮಾತಲ್ಲ.

ತಪ್ಪು ಹುಡುಕುವ ಪ್ರಶ್ನೆಯಲ್ಲಿ ವಾಕ್ಯವನ್ನು ತುಂಡು ಮಾಡಿ ಕೊಟ್ಟಿರುತ್ತಾರೆ. ಓದುತ್ತಾ ಹೋಗುವಾಗ ಜೋಡಿಯ ಮೊದಲ ಪದ ಕಂಡ ಕೂಡಲೇ ಅರ್ಥದ ಹಿಂದೆ ಹೋಗದೆ ಎರಡನೆಯ ಪದವನ್ನು ಹುಡುಕಿ, ಎರಡರ ಬೆನ್ನಿಗಿರುವ ಮೊದಲ ಪದಗಳನ್ನಷ್ಟೇ ಎದುರುಬದುರು ಇಟ್ಟು ನೋಡಿ. ಬಹಳ ಸಲ ಅಷ್ಟರಲ್ಲೇ ಉತ್ತರ ಸಿಕ್ಕಿರುತ್ತದೆ.

ಇಂಗ್ಲಿಷ್ ತಾಯ್ನುಡಿಯಾದವರೂ ಮಾತಿನಲ್ಲಿ ‘ನಾಟ್ ಓನ್ಲಿ’ಯನ್ನು ಕ್ರಿಯಾಪದದ ಮುಂದೆ ಹಾಕಿ ಮುಂದೆ ಹೋಗಿ ಬಿಡುತ್ತಾರೆ, ಕೇಳುವವರೂ ತಡೆಯುವುದಿಲ್ಲ. ಆದ್ದರಿಂದ ಸಂದರ್ಶನದಲ್ಲಿ ಮಾತಾಡುವಾಗ ಇದಕ್ಕಾಗಿ ತಡವರಿಸಿ ನಿಲ್ಲಬೇಡಿ, ಮಾತು ಹರಿಯಲಿ. ಬರವಣಿಗೆಗೆ ಈ ಸಲಿಗೆ ಇಲ್ಲ. ಬರೆದದ್ದನ್ನು ತಿದ್ದಲು ಸಮಯ ಇತ್ತು ಎಂದು ಓದುವವರಿಗೆ ಗೊತ್ತಿರುತ್ತದೆ.

ಕೊನೆಗೆ ಒಂದು ದೊಡ್ಡ ವಾಕ್ಯವನ್ನು ಕೂಡಿಯೇ ತಿದ್ದೋಣ. ಕೊಪ್ಪಳದ ಗವಿಮಠದ ಜಾತ್ರೆಯ ಬಗ್ಗೆ ವಿದ್ಯಾರ್ಥಿಯೊಬ್ಬರು ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: “ದ ಫೇರ್ ನಾಟ್ ಓನ್ಲಿ ಅಟ್ರಾಕ್ಟ್ಸ್ ಪೀಪಲ್ ಫ್ರಂ ಕೊಪ್ಪಳ್ ಬಟ್ ಆಲ್ಸೋ ಫ್ರಂ ಬಳ್ಳಾರಿ ಅಂಡ್ ರಾಯಚೂರ್, ಹೂ ನೀದರ್ ಕಮ್ ಫಾರ್ ದ ಶಾಪ್ಸ್ ನಾರ್ ಫಾರ್ ದ ಫುಡ್ ಬಟ್ ಟು ಸೀ ದ ಚಾರಿಯಟ್.”

ಮೊದಲ ಕವಲು ಎಲ್ಲಿ? ಸೆಳೆಯುವುದು ಎಲ್ಲರನ್ನೂ, ಬೇರೆಯಾಗುವುದು ಎಲ್ಲಿಂದ ಬಂದವರು ಎಂಬುದು. ‘ಕೊಪ್ಪಳದಿಂದ ಮಾತ್ರ ಅಲ್ಲ, ಬಳ್ಳಾರಿ ರಾಯಚೂರಿನಿಂದಲೂ.’ ಗುರುತು ‘ಇಂದ’ದ ಹೊರಗೆ ಇದೆ, ಹಾಗಾದರೆ ‘ನಾಟ್ ಓನ್ಲಿ’ ಬರಬೇಕಾದದ್ದು ‘ಫ್ರಂ’ ಮುಂದೆ. ಎರಡನೆಯ ಕವಲಿನಲ್ಲಿ ‘ಅಂಗಡಿಗೂ ಅಲ್ಲ, ಊಟಕ್ಕೂ ಅಲ್ಲ, ತೇರಿಗೆ ಬರ್ತಾರೆ’. ಬರುವುದು ಮೂರಕ್ಕೂ ಸಮಾನ, ಆದ್ದರಿಂದ ‘ಕಮ್’ ಮೊದಲು, ‘ನೀದರ್’ ಆಮೇಲೆ. ಇನ್ನು ‘ಫಾರ್’, ‘ಫಾರ್’ ಎಂದು ಬಂದು ಮೂರನೆಯದರಲ್ಲಿ ಇದ್ದಕ್ಕಿದ್ದ ಹಾಗೆ ‘ಟು ಸೀ’ ಆಗಿದೆ. ಅದೂ ‘ಫಾರ್’ ಆಗಬೇಕು. ಹಾಗೆ ತಿದ್ದಿದ ಮೇಲೂ ವಾಕ್ಯ ಭಾರವಾಗಿಯೇ ಉಳಿಯುತ್ತದೆ, ‘ಹೂ’ ಎಂಬುದು ಬರೀ ಬಳ್ಳಾರಿ, ರಾಯಚೂರಿನವರಿಗೆ ಸೇರಿತೋ ಕೊಪ್ಪಳದವರಿಗೂ ಸೇರಿತೋ ಎಂಬ ಅನುಮಾನವೂ ಇದೆ. ಹಾಗಾಗಿ ನಾನಾದರೆ ಎರಡು ವಾಕ್ಯ ಮಾಡುತ್ತೇನೆ: “ದ ಫೇರ್ ಅಟ್ರಾಕ್ಟ್ಸ್ ಪೀಪಲ್ ನಾಟ್ ಓನ್ಲಿ ಫ್ರಂ ಕೊಪ್ಪಳ್ ಬಟ್ ಆಲ್ಸೋ ಫ್ರಂ ಬಳ್ಳಾರಿ ಅಂಡ್ ರಾಯಚೂರ್. ದೇ ಆಲ್ ಕಮ್ ನೀದರ್ ಫಾರ್ ದ ಶಾಪ್ಸ್ ನಾರ್ ಫಾರ್ ದ ಫುಡ್, ಬಟ್ ಫಾರ್ ದ ಚಾರಿಯಟ್.” ‘ಆಲ್’ ಸೇರಿಸಿದ್ದು ಕೊಪ್ಪಳದವರೂ ಆ ಲೆಕ್ಕದಲ್ಲಿ ಬರಲಿ ಎಂದು.